ಹಂಗಾರಕಟ್ಟೆಯ ದೋಣಿವಿಹಾರ ಮತ್ತು ದಡದ ವ್ಯಾಪಾರ

ಹಂಗಾರಕಟ್ಟೆಯ ಧಕ್ಕೆಯ ಮೇಲೆ ನಿಂತವರಿಗೆ ಎದುರು ದಡದ ಕೋಡಿಬೆಂಗ್ರೆಯ ತೆಂಗಿನ ಸಾಲು ಸ್ಪಷ್ಟವಾಗಿ ಕಾಣುತ್ತದೆ. ದೋಣಿಯಲ್ಲಿ ಅದು ಕೆಲವೇ ನಿಮಿಷಗಳ ದಾರಿ. ಅದೇ ಜಾಗಕ್ಕೆ ರಸ್ತೆಯಲ್ಲಿ ಹೋಗಬೇಕಾದರೆ ಮಾಬುಕಳ, ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು, ಹೂಡೆಗಳನ್ನು ದಾಟಿಕೊಂಡು 20 ಕಿ.ಮೀ.ಗೂ ಹೆಚ್ಚು ಸುತ್ತಬೇಕಾಗುತ್ತದೆ. ಇಂದು ‘ಡೆಲ್ಟಾ ಬೀಚ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಬೆಂಗ್ರೆಯ ತುದಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಈ ಸುತ್ತುದಾರಿಯಿಂದಲೇ ಬರುತ್ತಾರೆ. ನದಿಯಾಚೆಯ ಹಳೆಯ ಬಂದರಿನ ಛಾಯಾಚಿತ್ರ ತೆಗೆದುಕೊಂಡು ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ಅವರ ಜೇಬಿನ ಹಣದಲ್ಲಿ ಹಂಗಾರಕಟ್ಟೆಯ ಅಂಗಡಿಗೆ ಒಂದು ಚಹಾದ ಬೆಲೆಯೂ ಸೇರುವುದಿಲ್ಲ.

ಕರಾವಳಿಯಲ್ಲಿ ದೋಣಿವಿಹಾರವು ಲಾಭದಾಯಕ ಉದ್ಯಮವೆಂಬ ಮಾತು ಕೆಲವು ವರ್ಷಗಳಿಂದ ಎಲ್ಲೆಡೆ ಕೇಳಿಬರುತ್ತಿದೆ. ದೋಣಿ ಕೊಳ್ಳಲು ಬಂಡವಾಳ ಹೂಡುವ ಉತ್ಸಾಹವೂ ಕಾಣುತ್ತಿದೆ. ಆದರೆ ಈ ಉದ್ಯಮದ ಆದಾಯ ಎಲ್ಲಿ ಹುಟ್ಟುತ್ತದೆ, ಯಾರ ಕೈ ಸೇರುತ್ತದೆ, ಯಾವ ಕಾರಣಕ್ಕೆ ಒಂದೇ ದಿನದಲ್ಲಿ ನಿಂತುಹೋಗಬಹುದು ಎಂಬ ವಿಚಾರಗಳನ್ನು ದೋಣಿಯ ಮಾಲೀಕನಷ್ಟೇ ದಡದ ವರ್ತಕನೂ ತಿಳಿದಿರಬೇಕಾಗಿದೆ. ಹಂಗಾರಕಟ್ಟೆಯ ಅಳಿವೆಯು ಇದಕ್ಕೆ ಒಳ್ಳೆಯ ಉದಾಹರಣೆಯಾಗಿದೆ.

ಅಕ್ಕಿಯ ಬಂದರು

ಸಹ್ಯಾದ್ರಿಯಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಸೀತಾ ಮತ್ತು ಸುವರ್ಣಾ ನದಿಗಳು ಇಲ್ಲಿ ಒಂದಾಗಿ ಒಂದೇ ಅಳಿವೆಯ ಮೂಲಕ ಅರಬ್ಬಿ ಸಮುದ್ರವನ್ನು ಸೇರುತ್ತವೆ. ಕಡಲು ಮತ್ತು ನದಿಯ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ಪಟ್ಟಿಗೆ ಈ ಭಾಗದಲ್ಲಿ ಬೆಂಗ್ರೆ ಎಂದು ಹೆಸರು. ಕೋಡಿ ಎಂದರೆ ತುದಿ. ಹೊಳೆಯ ನಡುವಿನ ದ್ವೀಪಗಳು ಕುದ್ರುಗಳೆನಿಸಿಕೊಂಡಿವೆ. ತೆಂಗು, ಗದ್ದೆ, ಹತ್ತಾರು ಮನೆಗಳಿರುವ ಕುದ್ರುಗಳೂ ಇವೆ, ಕಾಂಡ್ಲಾ ಗಿಡಗಳಷ್ಟೇ ಬೆಳೆದು ಹಕ್ಕಿಗಳಿಗೆ ನೆಲೆಯಾದವೂ ಇವೆ.

ಸೀತಾ ನದಿಯ ಮೇಲ್ದಂಡೆಯಲ್ಲಿರುವ ಬಾರ್ಕೂರು ಆಳುಪರ ರಾಜಧಾನಿಯಾಗಿದ್ದುದು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಆಡಳಿತ ಕೇಂದ್ರವಾಗಿದ್ದುದು ತಿಳಿದ ವಿಷಯವೇ ಆಗಿದೆ. 14ನೇ ಶತಮಾನದ 40ರ ದಶಕದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಇದನ್ನು ‘ಫಾಕನೂರ್’ ಎಂದು ಕರೆದು, ಹಿನ್ನೀರಿನ ದಂಡೆಯ ದೊಡ್ಡ ಪಟ್ಟಣವೆಂದೂ, ಇಲ್ಲಿನ ಕಬ್ಬಿಗೆ ಸಾಟಿಯಿಲ್ಲವೆಂದೂ ಬರೆದಿದ್ದಾನೆ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುಆರ್ತೆ ಬರ್ಬೋಸಾ ಇಲ್ಲಿಂದ ಹಡಗುಗಳಲ್ಲಿ ಸಾಗುತ್ತಿದ್ದ ಅಕ್ಕಿಯನ್ನು ಉಲ್ಲೇಖಿಸಿದ್ದಾನೆ. ಅಂದರೆ ಈ ಅಳಿವೆಗೆ ವ್ಯಾಪಾರ ಹೊಸದಲ್ಲ. ಮಂಜಿ, ಪತ್ತೆಮಾರಿಗಳು ಅಕ್ಕಿ, ಹಂಚು, ತೆಂಗಿನಕಾಯಿ ಹೊತ್ತು ಕರಾವಳಿಯುದ್ದಕ್ಕೂ ಓಡಾಡುತ್ತಿದ್ದ ಕಾಲದಲ್ಲಿ ಹಂಗಾರಕಟ್ಟೆಯಂಥ ಚಿಕ್ಕ ಬಂದರುಗಳೇ ಒಳನಾಡಿನ ಮಂಡಿಗಳ ಬಾಗಿಲುಗಳಾಗಿದ್ದವು. ನದಿಗಳಿಗೆ ಸೇತುವೆಗಳು ಬಂದು ಲಾರಿಗಳ ಓಡಾಟ ಆರಂಭವಾದ ಬಳಿಕ ಆ ವ್ಯಾಪಾರ ರಸ್ತೆಗೆ ಹೋಯಿತು. ಹಂಗಾರಕಟ್ಟೆಯ ಹೆಸರು ರಾಜ್ಯದ ಕಿರು ಬಂದರುಗಳ ಪಟ್ಟಿಯಲ್ಲಿ ಉಳಿಯಿತಾದರೂ ಸರಕಿನ ರಾಶಿಗಳು ಧಕ್ಕೆಯಿಂದ ಮರೆಯಾದವು. ಹಡಗು ಕಟ್ಟುವ ವಿದ್ಯೆ ಮಾತ್ರ ಈ ಭಾಗವನ್ನು ಪೂರ್ತಿ ಬಿಟ್ಟುಹೋಗಿಲ್ಲ. ಮಲ್ಪೆ ಹಾಗೂ ಹಂಗಾರಕಟ್ಟೆಗಳಲ್ಲಿ ನೆಲೆಯಿದ್ದ ಹಡಗು ನಿರ್ಮಾಣ ಸಂಸ್ಥೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ತನ್ನದಾಗಿಸಿಕೊಂಡು, ಅದು ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಸರಕು ಬಿಟ್ಟುಹೋದ ನೀರಿಗೆ ಪ್ರವಾಸಿಗನು ಬರುವುದು ಹಲವು ಕಡೆ ಕಂಡುಬಂದಿರುವ ಕ್ರಮವೇ ಆಗಿದೆ. ನೆರೆಯ ಕೇರಳದಲ್ಲಿ ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಗಳು ಕೆಲಸವಿಲ್ಲದೆ ದಡ ಸೇರಿದ್ದವು. 1990ರ ದಶಕದಲ್ಲಿ ಅವುಗಳಿಗೆ ಕೋಣೆ ಕಟ್ಟಿ ಹೌಸ್‌ಬೋಟ್‌ಗಳನ್ನಾಗಿ ಮಾಡಿದ ಮೇಲೆ ಆಲಪ್ಪುಳದ ಹಣೆಬರಹವೇ ಬದಲಾಯಿತು.

ಸುತ್ತಮುತ್ತಲಿನ ಸ್ಥಿತಿ

ಉಡುಪಿ ಜಿಲ್ಲೆಯಲ್ಲಿ ದೋಣಿಯ ಪ್ರವಾಸವೆಂದರೆ ಮೊದಲು ನೆನಪಾಗುವುದು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಯಾನ. ಕಂಬಗಳಂತೆ ನಿಂತ ಅಗ್ನಿಶಿಲೆಗಳಿಗಾಗಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲ್ಪಟ್ಟ ಈ ದ್ವೀಪದಲ್ಲಿ ವಸತಿಯ ವ್ಯವಸ್ಥೆಯಿಲ್ಲ. ಹೋದವರೆಲ್ಲರೂ ಅದೇ ದಿನ ಮಲ್ಪೆಗೆ ಮರಳಬೇಕು. ಊಟ, ತಂಪು ಪಾನೀಯ, ಆಟಿಕೆ, ಬಟ್ಟೆ, ಕೋಣೆ ಬಾಡಿಗೆ ಎಲ್ಲವೂ ಮಲ್ಪೆ ಮತ್ತು ಉಡುಪಿಯ ಪಾಲಾಗುತ್ತವೆ. ನೋಡುವ ಸ್ಥಳ ಒಂದೆಡೆ, ವ್ಯಾಪಾರವಾಗುವ ಸ್ಥಳ ಇನ್ನೊಂದೆಡೆ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಅಳಿವೆಯ ಒಳಭಾಗದಲ್ಲಿ ವಿಹಾರದ ಬಗೆಯೇ ಬೇರೆ. ಸಾಲಿಗ್ರಾಮದ ಸಮೀಪ ಸೀತಾ ನದಿಯ ಹಿನ್ನೀರಿನಲ್ಲಿ ಕಯಾಕ್ ಎಂಬ ಪುಟ್ಟ ಹುಟ್ಟುದೋಣಿಯಲ್ಲಿ ಪ್ರವಾಸಿಗರೇ ಹುಟ್ಟು ಹಾಕುತ್ತ ಕಾಂಡ್ಲಾ ವನದ ನಡುವೆ ಸಾಗುತ್ತಾರೆ. ಸುವರ್ಣಾ ನದಿಯ ಕೆಮ್ಮಣ್ಣು ಭಾಗದಲ್ಲಿ ಹೌಸ್‌ಬೋಟ್ ವಿಹಾರವಿದೆ. ಅಲ್ಲಿಯ ತೂಗುಸೇತುವೆ ನೋಡಲೆಂದೇ ಬರುವವರೂ ಇದ್ದಾರೆ. ಉತ್ತರಕ್ಕೆ ಹೊನ್ನಾವರದ ಶರಾವತಿಯಲ್ಲಿ ದೋಣಿವಿಹಾರವು ಒಂದು ಉದ್ಯಮವಾಗಿಯೇ ಬೆಳೆದಿದೆ. ಕಾಸರಕೋಡಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಅರಣ್ಯ ಇಲಾಖೆ ನಿರ್ಮಿಸಿದ ಮರದ ಕಾಲುದಾರಿ ಜನರನ್ನು ಸೆಳೆಯುತ್ತಿದೆ. 2020ರಲ್ಲಿ ಕಾಸರಕೋಡು ಮತ್ತು ಪಡುಬಿದ್ರಿ ಕಡಲತೀರಗಳಿಗೆ ಬ್ಲೂ ಫ್ಲಾಗ್ ಮನ್ನಣೆ ದೊರೆತ ಬಳಿಕ ಇಡೀ ಕರಾವಳಿಯ ಕಡೆಗೆ ಹೊರಗಿನವರ ಗಮನ ಹೆಚ್ಚಿತು.

ಉಡುಪಿ, ಕೊಲ್ಲೂರು, ಮಂದಾರ್ತಿ, ಆನೆಗುಡ್ಡೆಗಳಿಗೆ ಬರುವ ಯಾತ್ರಿಕರ ಪ್ರವಾಹವೂ ಇದಕ್ಕೆ ಸೇರುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಹಂಗಾರಕಟ್ಟೆಯ ಮಗ್ಗುಲಲ್ಲೇ ಮಾಬುಕಳದಲ್ಲಿ ಸೀತಾ ನದಿಯನ್ನು ದಾಟುತ್ತದೆ. ಬಾರ್ಕೂರಿನಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ. ಹೀಗಿದ್ದೂ ಹೆದ್ದಾರಿಯಲ್ಲಿ ಸಾಗುವ ಬಸ್ಸು ಕಾರುಗಳಿಗೆ ಹಂಗಾರಕಟ್ಟೆಯ ಕಡೆಗೆ ತಿರುಗಲು ಕಾರಣವೇ ಇಲ್ಲದಂತಾಗಿದೆ.

ಮೆಕಾಂಗ್ ದಂಡೆಯ ಒಂದು ಪಟ್ಟಣ

ಇಂಥದೇ ಸ್ಥಿತಿಯಲ್ಲಿದ್ದು ಬೇರೆ ದಾರಿ ಹಿಡಿದ ಪಟ್ಟಣವೊಂದು ವಿಯೆಟ್ನಾಮಿನ ದಕ್ಷಿಣದಲ್ಲಿದೆ. ಹೋ ಚಿ ಮಿನ್ ನಗರದಿಂದ ಸುಮಾರು 70 ಕಿ.ಮೀ. ದೂರದ ಮಿ ಥೊ, ಮೆಕಾಂಗ್ ನದಿಯ ಒಂದು ಕವಲಿನ ದಂಡೆಯಲ್ಲಿರುವ ಸಾಧಾರಣ ಊರು. ಕಡಲತೀರ ಅಲ್ಲಿಲ್ಲ. ಆದರೂ ವಿದೇಶೀ ಪ್ರವಾಸಿಗರು ವರ್ಷವಿಡೀ ಅಲ್ಲಿಗೆ ಬಂದು ದೋಣಿ ಹತ್ತುತ್ತಾರೆ.

ಅಲ್ಲಿನ ಪ್ರವಾಸದ ಕ್ರಮ ಗಮನಿಸತಕ್ಕದ್ದು. ಯಂತ್ರದ ದೋಣಿ ಪ್ರವಾಸಿಗರನ್ನು ದೊಡ್ಡ ಹೊಳೆ ದಾಟಿಸಿ ಥೊಯ್ ಸೊನ್ ಮೊದಲಾದ ನದೀದ್ವೀಪಗಳಲ್ಲಿ ಇಳಿಸುತ್ತದೆ. ಇಳಿದಲ್ಲಿ ಜೇನು ಸಾಕುವವನ ಮನೆ. ಜೇನು ಬೆರೆಸಿದ ಚಹಾ. ತುಸು ನಡೆದರೆ ಹಣ್ಣಿನ ತೋಟ. ಹಣ್ಣು ತಿನ್ನುತ್ತ ಕುಳಿತವರ ಮುಂದೆ ಆ ಪ್ರದೇಶದ ಜನಪದ ಗಾಯನ. ಈ ಗಾಯನ ಪರಂಪರೆಗೆ 2013ರಲ್ಲಿ ಯುನೆಸ್ಕೋ ಮಾನ್ಯತೆ ದೊರೆತಿದೆ. ಅನಂತರ ಊರಿನ ಮಹಿಳೆಯರು ಹುಟ್ಟು ಹಾಕುವ ಚಿಕ್ಕ ದೋಣಿಯಲ್ಲಿ ಗರಿಗಳು ಬಾಗಿದ ಕಿರುಗಾಲುವೆಯೊಳಗೆ ಪಯಣ. ಕೊನೆಯಲ್ಲಿ ಬೆನ್ ತ್ರೆ ಕಡೆಯ ತೆಂಗಿನ ಮಿಠಾಯಿ ತಯಾರಿಕೆಯ ಮನೆ. ತೆಂಗಿನ ಹಾಲನ್ನು ಕಾಯಿಸಿ ಪಾಕ ಮಾಡಿ, ಅಚ್ಚಿಗೆ ಹಾಕಿ, ಕತ್ತರಿಸಿ, ತಿನ್ನಬಹುದಾದ ಅಕ್ಕಿಯ ಹಾಳೆಯಲ್ಲಿ ಸುತ್ತುವುದನ್ನು ನೋಡಿದ ಪ್ರವಾಸಿ ಬಿಸಿಯ ಒಂದು ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಬಳಿಕ ಪೊಟ್ಟಣ ಕೊಳ್ಳದೆ ಹೊರಡುವವರು ಕಡಿಮೆ.

ಇಲ್ಲಿ ದೋಣಿಯು ಗಿರಾಕಿಯನ್ನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಒಯ್ಯುವ ಸಾಧನ ಮಾತ್ರ. ಪ್ರತಿ ಇಳಿದಾಣದಲ್ಲೂ ಒಬ್ಬ ಉತ್ಪಾದಕನಿದ್ದಾನೆ. ಅವನು ಪ್ರವಾಸಿಗರಿಗಾಗಿ ಹೊಸ ವಸ್ತುವನ್ನೇನೂ ಸೃಷ್ಟಿಸಲಿಲ್ಲ, ತಾನು ಮಾಡುತ್ತಿದ್ದ ಕೆಲಸವನ್ನೇ ಬಾಗಿಲು ತೆರೆದು ತೋರಿಸಿದ. ಆ ಮಿಠಾಯಿಯ ಕತೆಯಲ್ಲಿ ಕಿರು ಉತ್ಪಾದಕರಿಗೆ ಇನ್ನೊಂದು ಎಚ್ಚರಿಕೆಯೂ ಇದೆ. 1990ರ ದಶಕದಲ್ಲಿ ಅದಕ್ಕೆ ಚೀನಾದಲ್ಲಿ ಬೇಡಿಕೆ ಬಂದಾಗ, ಬ್ರಾಂಡಿನ ಹೆಸರನ್ನು ಅಲ್ಲಿ ಬೇರೊಬ್ಬರು ನೋಂದಾಯಿಸಿಕೊಂಡಿದ್ದರು. ಬೆನ್ ತ್ರೆಯ ಉತ್ಪಾದಕರು ಪರದೇಶದಲ್ಲಿ ಹೋರಾಡಿ ತಮ್ಮ ಹೆಸರನ್ನು ತಾವು ಮರಳಿ ಪಡೆಯಬೇಕಾಯಿತು.

ಮಿ ಥೊ ಮತ್ತು ಬೆನ್ ತ್ರೆಗಳ ನಡುವೆ 2009ರಲ್ಲಿ ಸೇತುವೆ ತೆರೆದುಕೊಂಡಿತು. ಸೇತುವೆ ಬಂದರೆ ದೋಣಿಗೆ ಕೆಲಸವಿಲ್ಲ ಎಂಬ ಭಾವನೆ ಸಹಜವಾದದ್ದು. ಅಲ್ಲಿ ವಾಹನ ದಾಟಿಸುತ್ತಿದ್ದ ಕಡವಿನ ಹಡಗುಗಳಿಗೆ ಆ ದಾರಿಯಲ್ಲಿ ಕೆಲಸ ತಪ್ಪಿತಾದರೂ ವಿಹಾರದ ದೋಣಿಗಳು ಉಳಿದವು. ದಾಟುವುದಕ್ಕಾಗಿ ಯಾರೂ ಅವುಗಳನ್ನು ಹತ್ತುತ್ತಿರಲಿಲ್ಲವಷ್ಟೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಪ್ರದೇಶದಲ್ಲಿದೆ. ಕಾನ್ ಥೊ ನಗರದ ಕಾಯ್ ರಾಂಗ್ ತೇಲುವ ಮಾರುಕಟ್ಟೆಯಲ್ಲಿ ಹಿಂದೆ ನೂರಾರು ದೋಣಿಗಳು ತರಕಾರಿ, ಹಣ್ಣುಗಳ ಸಗಟು ವ್ಯಾಪಾರ ನಡೆಸುತ್ತಿದ್ದವು. ರಸ್ತೆಗಳು ಸುಧಾರಿಸಿದಂತೆ ನಿಜವಾದ ವರ್ತಕರು ಲಾರಿಯತ್ತ ಸರಿದರು, ಮಾರುವ ದೋಣಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಮಾರುಕಟ್ಟೆಯನ್ನು ನೋಡಲು ಬರುವವರಿದ್ದಾರೆ, ಆದರೆ ನೋಡಬೇಕಾದ ಮಾರುಕಟ್ಟೆಯೇ ಸೊರಗುತ್ತಿದೆ.

ಮಿ ಥೊದ ಕೊರತೆಯನ್ನೂ ಮರೆಯುವಂತಿಲ್ಲ. ಬೆಳಿಗ್ಗೆ ಮಹಾನಗರದಿಂದ ಬಂದವರು ಸಂಜೆಗೆ ಹಿಂತಿರುಗುವುದರಿಂದ ವಸತಿಯ ಆದಾಯ ಆ ಪಟ್ಟಣಕ್ಕೆ ಹೆಚ್ಚಾಗಿ ಸಿಗುವುದಿಲ್ಲ. ಉಡುಪಿ, ಮಣಿಪಾಲಗಳಲ್ಲಿ ಕೋಣೆ ಹಿಡಿದು ಹಗಲಿಗಷ್ಟೇ ಹೊರಬರುವ ಪ್ರವಾಸಿಗರ ವಿಚಾರದಲ್ಲಿ ಹಂಗಾರಕಟ್ಟೆಯ ಪಾಡೂ ಅದೇ ಆಗಬಹುದಾದ್ದರಿಂದ, ಹಗಲಿನ ನಾಲ್ಕೈದು ಗಂಟೆಗಳಲ್ಲಿ ನಡೆಯಬಹುದಾದ ವ್ಯಾಪಾರವನ್ನೇ ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಲೇಸು.

ಟಿಕೆಟ್ಟಿನ ಲೆಕ್ಕ

ಅಕ್ಟೋಬರ್ 1ರಿಂದ ಮೇ 31ರವರೆಗೆ 243 ದಿನಗಳು. ಇವುಗಳಲ್ಲಿ ಶನಿವಾರ, ಭಾನುವಾರಗಳು ಸುಮಾರು 70. ಕರಾವಳಿಯ ಪ್ರವಾಸೋದ್ಯಮ ನಿಂತಿರುವುದು ಈ 70 ದಿನಗಳು ಮತ್ತು ಕೆಲವು ರಜಾದಿನಗಳ ಮೇಲೆ. ಉಳಿದ ನಾಲ್ಕು ತಿಂಗಳು ಮಳೆಗಾಲ ಮತ್ತು ಅದರ ಅಂಚು. ದೋಣಿ ದಡದ ಮೇಲಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ.

ತಿಳಿವಳಿಕೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು. 20 ಆಸನಗಳ ದೋಣಿ, ತಲಾ 200 ರೂಪಾಯಿ ಟಿಕೆಟ್, ವಾರಾಂತ್ಯದಲ್ಲಿ ದಿನಕ್ಕೆ 4 ಸುತ್ತು, ನೂರಕ್ಕೆ 70 ಆಸನ ಭರ್ತಿ ಎಂದಿಟ್ಟುಕೊಂಡರೆ ದಿನಕ್ಕೆ 56 ಮಂದಿ, 11,200 ರೂಪಾಯಿ. 70 ದಿನಗಳಿಗೆ 7,84,000 ರೂಪಾಯಿ. ಉಳಿದ 173 ದಿನಗಳಲ್ಲಿ ದಿನಕ್ಕೆ 8 ಮಂದಿಯ ಒಂದೇ ಸುತ್ತು ಎಂದರೆ 2,76,800 ರೂಪಾಯಿ. ಒಟ್ಟು 5,304 ಪ್ರವಾಸಿಗರಿಂದ 10,60,800 ರೂಪಾಯಿ ಬಂದಂತಾಯಿತು. ಡೀಸೆಲ್, ತಾಂಡೇಲ ಹಾಗೂ ಸಹಾಯಕರ ಸಂಬಳ, ವಿಮೆ, ಇಂಜಿನ್ ರಿಪೇರಿ, ಬಣ್ಣ, ತಪಾಸಣೆಯ ಶುಲ್ಕ, ಬಡ್ಡಿ ಎಲ್ಲವೂ ಇದರಲ್ಲೇ ಹೋಗಬೇಕು. ಕೈಗೆ ಉಳಿಯುವುದು ದೊಡ್ಡ ಮೊತ್ತವೇನಲ್ಲ. ಅದೇ ಹೊಳೆಗೆ ಮೂರು ನಾಲ್ಕು ದೋಣಿಗಳು ಬಂದು ಟಿಕೆಟ್ ದರದಲ್ಲಿ ಪೈಪೋಟಿಗಿಳಿದರೆ ಅದೂ ಉಳಿಯುವುದು ಕಷ್ಟ.

ಈಗ ಅದೇ 5,304 ಮಂದಿ ದೋಣಿ ಹತ್ತುವ ಮೊದಲು ಅಥವಾ ಇಳಿದ ಮೇಲೆ ದಡದಲ್ಲಿ ತಲಾ 250 ರೂಪಾಯಿ ವ್ಯಯಿಸಿದರೆಂದು ಎಣಿಸಿದರೆ 13,26,000 ರೂಪಾಯಿ ಆಗುತ್ತದೆ. ಇದು ಟಿಕೆಟ್ಟಿನ ಒಟ್ಟು ಆದಾಯಕ್ಕಿಂತ ಹೆಚ್ಚು. ಇದಕ್ಕೆ ಇಂಜಿನ್ ಬೇಡ, ತಾಂಡೇಲ ಬೇಡ. ಎಳನೀರು ಮಾರುವವರಿಂದ ಹಿಡಿದು ಹೋಟೆಲು, ಗಾಣದ ಎಣ್ಣೆ, ಒಣಮೀನು, ರಿಕ್ಷಾಗಳವರೆಗೆ ಹಲವರಿಗೆ ಇದು ಹಂಚಿಹೋಗುತ್ತದೆ. ಆದರೆ ದಡದಲ್ಲಿ ಪ್ರವಾಸಿಗ ಒಂದು ಗಂಟೆಯಾದರೂ ನಿಲ್ಲಬೇಕು ಎಂಬ ನಿಬಂಧನೆಯಿದೆ. ದೋಣಿ ಇಳಿದವನು ನೇರವಾಗಿ ಕಾರಿಗೆ ಹತ್ತಿದರೆ ಈ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ.

ತೆರಿಗೆಯ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಸಾರ್ವಜನಿಕ ಸಾರಿಗೆಯಾಗಿ ಜನರನ್ನು ದಡದಿಂದ ದಡಕ್ಕೆ ಒಯ್ಯುವ ದೋಣಿಯ ಸೇವೆಗೆ ಸರಕು ಮತ್ತು ಸೇವಾ ತೆರಿಗೆಯಲ್ಲಿ ವಿನಾಯಿತಿ ಇದೆ. ಮುಖ್ಯವಾಗಿ ಪ್ರವಾಸಕ್ಕಾಗಿಯೇ ನಡೆಯುವ ದೋಣಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಒಂದೇ ದೋಣಿಯಲ್ಲಿ ಎರಡೂ ಕೆಲಸ ನಡೆಸುವವರು ಲೆಕ್ಕಪತ್ರಗಳನ್ನು ಬೇರೆಬೇರೆಯಾಗಿ ಇರಿಸಿಕೊಂಡು ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

ಭರತ ಮತ್ತು ಇಳಿತ

ಹೊರಗಿನಿಂದ ಬಂಡವಾಳ ತರುವವರು ಹೆಚ್ಚಾಗಿ ಗಮನಿಸದ ಸಂಗತಿ ಎಂದರೆ ಅಳಿವೆಯಲ್ಲಿ ವೇಳಾಪಟ್ಟಿಯನ್ನು ನಿಶ್ಚಯಿಸುವುದು ನೀರು. ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ತುಂಬಿದ್ದ ಹೊಳೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿದಿರಬಹುದು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ನೀರು ಇಳಿದಾಗ ಕಾಂಡ್ಲಾ ನಡುವಿನ ಕಿರುಗಾಲುವೆಗಳಲ್ಲಿ ಕೆಸರು ಮೇಲೆ ಬರುತ್ತದೆ. ಮರಳಿನ ದಿಬ್ಬಗಳ ಮೇಲೆ ದೊಡ್ಡ ದೋಣಿಯ ತಳ ಕೂರುತ್ತದೆ. ಭರತ ಇಳಿಯುವ ಹೊತ್ತಿನಲ್ಲಿ ಅಳಿವೆಯ ಬಾಯಿಯ ಕಡೆಗೆ ಸೆಳೆತ ಬಲವಾಗಿರುತ್ತದೆ. ಎರಡು ನದಿಗಳ ನೀರು ಒಂದೇ ಬಾಗಿಲಿನಿಂದ ಹೊರಹೋಗುವುದರಿಂದ ಅಲ್ಲಿ ಹುಟ್ಟುದೋಣಿಯ ಕೈ ಸೋಲುತ್ತದೆ.

ಮೀನುಗಾರರಿಗೆ ಇದೆಲ್ಲ ಹುಟ್ಟಿನಿಂದ ಬಂದ ಅರಿವು. ಎಲ್ಲಿ ಹೂಳು ತುಂಬಿದೆ, ಕಳೆದ ಮಳೆಗಾಲದಲ್ಲಿ ಯಾವ ದಿಬ್ಬ ಜಾಗ ಬದಲಿಸಿದೆ ಎಂಬುದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಆದ್ದರಿಂದ ಸ್ಥಳೀಯ ತಾಂಡೇಲನ ಸಂಬಳದಲ್ಲಿ ಉಳಿತಾಯ ಮಾಡಲು ಹೊರಡುವುದು ಜಾಣತನವಾಗಲಾರದು. ಮುಂಗಡ ಕಾದಿರಿಸುವ ಪದ್ಧತಿಯನ್ನೂ ಗಡಿಯಾರದ ಬದಲು ಭರತದ ಕೋಷ್ಟಕಕ್ಕೆ ಹೊಂದಿಸಬೇಕಾಗುತ್ತದೆ. ಇಳಿತದ ಎರಡು ಮೂರು ಗಂಟೆಗಳಲ್ಲಿ ಪ್ರವಾಸಿಗರಿಗೆ ದಡದ ಕಾರ್ಯಕ್ರಮಗಳನ್ನು ಇಟ್ಟರೆ ದೋಣಿಯ ಬಿಡುವು ಅಂಗಡಿಯ ವ್ಯಾಪಾರದ ಹೊತ್ತಾಗಿ ಪರಿಣಮಿಸುತ್ತದೆ.

ಪರವಾನಗಿ, ವಿಮೆ, ಜೀವರಕ್ಷಣೆ

2019ರ ಜನವರಿ 21ರಂದು ಕಾರವಾರದ ಸಮೀಪ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮುಳುಗಿ 22 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಅನೇಕರಿದ್ದರು. ತಾನೂರಿನದು ಮೀನುಗಾರಿಕಾ ದೋಣಿಯನ್ನು ಮಾರ್ಪಡಿಸಿ ಮೇಲಂತಸ್ತು ಕಟ್ಟಿದ್ದ ದೋಣಿ, ಮಿತಿ ಮೀರಿ ಜನರನ್ನು ಹತ್ತಿಸಿಕೊಂಡಿತ್ತು, ಕತ್ತಲಾದ ಮೇಲೆ ಹೊರಟಿತ್ತು ಎಂಬುದು ಬಳಿಕ ಬೆಳಕಿಗೆ ಬಂದಿತು. ದುರಂತದ ನಂತರ ಸಾಮಾನ್ಯವಾಗಿ ನಡೆಯುವುದೇನೆಂದರೆ ಆಡಳಿತವು ಆ ಪ್ರದೇಶದ ಎಲ್ಲ ದೋಣಿಗಳನ್ನೂ ನಿಲ್ಲಿಸಿ ತಪಾಸಣೆಗೆ ತೊಡಗುತ್ತದೆ. ನಿಯಮ ಪಾಲಿಸಿದವರ ಋತುವೂ ಆಗ ಹಾಳಾಗುತ್ತದೆ. ದಡದ ಅಂಗಡಿಗಳಲ್ಲಿ ತರಿಸಿಟ್ಟ ಸರಕೂ ಉಳಿಯುತ್ತದೆ. ಹೀಗಾಗಿ ದೋಣಿಯ ಸುರಕ್ಷತೆಯು ದೋಣಿಯ ಮಾಲೀಕನೊಬ್ಬನ ಸ್ವಂತ ವಿಚಾರವಾಗಿ ಉಳಿಯುವುದಿಲ್ಲ.

1917ರ ಹಳೆಯ ಕಾನೂನಿನ ಸ್ಥಾನದಲ್ಲಿ ಬಂದಿರುವ 2021ರ ಒಳನಾಡು ಹಡಗುಗಳ ಅಧಿನಿಯಮದ ಪ್ರಕಾರ ಒಳನಾಡು ಜಲಮಾರ್ಗದಲ್ಲಿ ಸಂಚರಿಸುವ ಯಂತ್ರಚಾಲಿತ ದೋಣಿಗೆ ನೋಂದಣಿ, ತಪಾಸಣಾ ಪ್ರಮಾಣಪತ್ರ, ಅರ್ಹ ಸಿಬ್ಬಂದಿ, ಜೀವರಕ್ಷಕ ಹಾಗೂ ಅಗ್ನಿಶಾಮಕ ಸಲಕರಣೆ ಮತ್ತು ವಿಮೆ ಇರಬೇಕು. ಯಂತ್ರವಿಲ್ಲದ ದೋಣಿಗಳನ್ನು ಸ್ಥಳೀಯ ಮಟ್ಟದಲ್ಲೇ ದಾಖಲು ಮಾಡಿಕೊಳ್ಳುವ ಅವಕಾಶವನ್ನೂ ಅದು ಕಲ್ಪಿಸಿದೆ. ನೀರಿನ ಅಲೆಗಳ ಎತ್ತರವನ್ನು ಅನುಸರಿಸಿ ಒಳನಾಡು ಜಲಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ಯಾವ ದೋಣಿ ಯಾವ ವಲಯಕ್ಕೆ ತಕ್ಕದ್ದೆಂದು ನಿರ್ಧರಿಸಲಾಗುತ್ತದೆ.

ಇಲ್ಲಿ ಎರಡು ತಪ್ಪುಗ್ರಹಿಕೆಗಳು ಸಾಮಾನ್ಯ. ಮೀನುಗಾರಿಕಾ ಪರವಾನಗಿ ಇರುವ ದೋಣಿಯಲ್ಲಿ ಬಿಡುವಿನ ದಿನ ಜನರನ್ನು ಸುತ್ತಾಡಿಸಬಹುದು ಎಂಬುದು ಮೊದಲನೆಯದು. ಮೀನು ಹಿಡಿಯಲು ಕೊಟ್ಟ ಪರವಾನಗಿ ಪ್ರಯಾಣಿಕರನ್ನು ಹೊರಲು ಕೊಟ್ಟದ್ದಲ್ಲ. ಬಲೆ, ಮಂಜುಗಡ್ಡೆಗಳ ಭಾರ ದೋಣಿಯ ತಳದಲ್ಲಿರುತ್ತದೆ, ಪ್ರವಾಸಿಗರು ಮೇಲೆ ನಿಂತು ಒಂದೇ ಮಗ್ಗುಲಿಗೆ ಓಡುತ್ತಾರೆ. ಅಪಘಾತವಾದಾಗ ವಿಮಾ ಸಂಸ್ಥೆಯೂ ಮೊದಲು ಕೇಳುವುದು ಇದನ್ನೇ. ನದಿಯಲ್ಲಿ ಸಂಚರಿಸಲು ಅನುಮತಿ ದೊರೆತರೆ ಅಳಿವೆ ದಾಟಿ ಕಡಲಿಗೂ ಹೋಗಬಹುದು ಎಂಬುದು ಎರಡನೆಯದು. ಅಳಿವೆಯ ಹೊರಗೆ ದೋಣಿಗೂ ನಿಯಮಕ್ಕೂ ಬೇರೆಯೇ ಅಳತೆ. ಸೂರ್ಯಾಸ್ತ ತೋರಿಸುವ ಆಸೆಯಿಂದ ಬಾಯಿಯ ಕಡೆಗೆ ದೋಣಿ ತಿರುಗಿಸುವ ಅಭ್ಯಾಸ ಬೆಳೆಯದಂತೆ ನೋಡಿಕೊಳ್ಳಬೇಕು. ಬೆಂಗ್ರೆಯ ಮರಳ ಮೇಲೆ ನಿಂತರೂ ಸೂರ್ಯ ಅಷ್ಟೇ ಚೆನ್ನಾಗಿ ಕಾಣುತ್ತಾನೆ.

ಧಕ್ಕೆ ಯಾರದು

ಪ್ರವಾಸಿ ದೋಣಿಗಳು ಹೆಚ್ಚಿದಂತೆ ಮೊದಲ ತಿಕ್ಕಾಟ ಏಳುವುದು ಧಕ್ಕೆಯ ಜಾಗದಲ್ಲಿ. ಮೀನು ಇಳಿಸುವ ಹೊತ್ತಿಗೆ ಸರಿಯಾಗಿ ಪ್ರವಾಸಿಗರ ಗುಂಪು ಬಂದರೆ ಇಬ್ಬರಿಗೂ ತೊಂದರೆ. ನದಿಯಲ್ಲಿ ಬಲೆ ಬಿಡುವವರು, ಚಿಪ್ಪು ಹೆಕ್ಕುವವರು ತಮ್ಮ ಜೀವನೋಪಾಯಕ್ಕೆ ಅಡ್ಡಿಯಾದರೆ ಸುಮ್ಮನಿರುವುದಿಲ್ಲ, ಸುಮ್ಮನಿರಬೇಕಾಗಿಯೂ ಇಲ್ಲ. ಕಡವಿನ ದೋಣಿಯನ್ನು ನಂಬಿರುವ ಸ್ಥಳೀಯರಿಗೆ ವಾರಾಂತ್ಯದಲ್ಲಿ ಜಾಗ ಸಿಗದಂತಾಗುವುದೂ ಸಲ್ಲದು. ಇಳಿಯುವ ಮೆಟ್ಟಿಲುಗಳನ್ನು ಬೇರೆ ಮಾಡುವುದು, ಬಲೆ ಬಿಡುವ ನೀರನ್ನು ಗುರುತಿಸಿ ವಿಹಾರದ ದಾರಿಯನ್ನು ಅದರಿಂದ ದೂರ ಇಡುವುದು, ಮೀನುಗಾರ ಕುಟುಂಬಗಳಿಗೇ ದೋಣಿ ನಡೆಸುವ ಕೆಲಸದಲ್ಲಿ ಪಾಲು ಕೊಡುವುದು ಇವು ಖರ್ಚಿಗಿಂತ ಹೆಚ್ಚಾಗಿ ಮಾತುಕತೆಯನ್ನು ಬೇಡುವ ಕ್ರಮಗಳು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದಲ್ಲಿ ಕೈ ಖಾಲಿಯಾಗುವ ಕುಟುಂಬಗಳಿಗೆ ಪ್ರವಾಸೋದ್ಯಮ ನೆರವಾದೀತೆಂದು ಹೇಳುವವರಿದ್ದಾರೆ. ಆ ದಿನಗಳಲ್ಲಿ ಹೊಳೆಯೂ ನೆರೆಯಿಂದ ತುಂಬಿರುವುದರಿಂದ ಆ ಮಾತಿನಲ್ಲಿ ಹುರುಳಿಲ್ಲ.

ದಡದಲ್ಲಿ ಕಟ್ಟಡ ಎಬ್ಬಿಸುವ ಮೊದಲು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಓದಿಕೊಳ್ಳಬೇಕು. ಕಾಂಡ್ಲಾ ವನಗಳು ಅತ್ಯಂತ ಕಟ್ಟುನಿಟ್ಟಿನ ವರ್ಗಕ್ಕೆ ಸೇರುತ್ತವೆ. 1,000 ಚದರ ಮೀಟರಿಗಿಂತ ಹೆಚ್ಚು ವಿಸ್ತಾರದ ಕಾಂಡ್ಲಾ ಇದ್ದಲ್ಲಿ ಅದರ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಬಿಡಬೇಕೆಂಬ ನಿಯಮವಿದೆ. ಗಿಡ ಕಡಿದು ನೋಟ ತೆರೆಯುವ ರೆಸಾರ್ಟು ಪ್ರವಾಸಿಗನು ನೋಡಲು ಬಂದದ್ದನ್ನೇ ಕಡಿದುಹಾಕಿದಂತಾಗುತ್ತದೆ. ಮೀನು, ಸಿಗಡಿಗಳ ಮರಿಗಳು ಬೆಳೆಯುವುದೂ ಆ ಬೇರುಗಳ ನಡುವೆಯೇ.

ತೋರಿಸಲು ಏನಿದೆ

ಮಿ ಥೊದ ಮಾದರಿಯಲ್ಲಿ ನೋಡಿದರೆ ಹಂಗಾರಕಟ್ಟೆಯ ಸುತ್ತ ಇಳಿದಾಣಗಳಿಗೆ ಕೊರತೆಯಿಲ್ಲ. ಐರೋಡಿ ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರವು ಬಡಗುತಿಟ್ಟಿನ ಶಿಕ್ಷಣಕ್ಕೆ ಹೆಸರಾಗಿದೆ. ಇಡೀ ರಾತ್ರಿಯ ಆಟವನ್ನು ಅರ್ಧ ಗಂಟೆಗೆ ಕತ್ತರಿಸಿ ಪ್ರವಾಸಿಗರ ಮುಂದಿಡುವ ಬಗ್ಗೆ ಕಲಾವಿದರಲ್ಲಿ ಅಳುಕು ಇರುವುದು ನ್ಯಾಯವೇ. ಆದರೆ ಬಣ್ಣಗಾರಿಕೆ, ಮುಂಡಾಸು ಕಟ್ಟುವ ಕ್ರಮ, ಚೆಂಡೆ ಮದ್ದಳೆಗಳ ಪರಿಚಯ, ವೇಷಭೂಷಣ ತಯಾರಿಕೆ ಇವುಗಳನ್ನು ತೋರಿಸುವುದರಿಂದ ಆಟದ ಘನತೆಗೆ ಕುಂದು ಬರುವಂತಿಲ್ಲ. ಕಿರೀಟ, ಭುಜಕೀರ್ತಿ ಮಾಡುವ ಕುಶಲಿಗನ ಕೈಯಿಂದ ಬಂದ ಚಿಕ್ಕ ಪ್ರತಿಕೃತಿಗಳು ಹೊರಗಿನಿಂದ ತರಿಸಿದ ಪ್ಲಾಸ್ಟಿಕ್ ಗೊಂಬೆಗಿಂತ ಹೆಚ್ಚು ಬೆಲೆಗೆ ಹೋಗುತ್ತವೆ.

ಬಾರ್ಕೂರಿನ ಕತ್ತಲೆ ಬಸದಿ, ಪಂಚಲಿಂಗೇಶ್ವರ ದೇವಾಲಯ, ಮಣಿಗಾರ ಕೇರಿ, ಚೌಳಿಕೇರಿ, ಮೂಡುಕೇರಿಗಳು ಸೀತಾ ನದಿಯ ಯಾನಕ್ಕೆ ಸಹಜವಾದ ಕೊನೆಯ ನಿಲುಗಡೆಗಳು. ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಇಲ್ಲಿಯ ಕೋಡಿಯ ಕಡಲದಂಡೆಯ ಬದುಕಿನ ಮೇಲೆ ರಚಿಸಿದ್ದು, ಕನ್ನಡ ಓದುವ ಪ್ರವಾಸಿಗರನ್ನು ಕರೆಯಲು ಅದೊಂದೇ ಸಾಕು. ಇಂಥ ಕರೆಯನ್ನು ಈವರೆಗೆ ಯಾರೂ ದೊಡ್ಡದಾಗಿ ಮಾಡಿದಂತೆ ಕಾಣುವುದಿಲ್ಲ.

ಉತ್ಪಾದಕರ ಪಾಲಿಗೆ ಇನ್ನೂ ಹತ್ತಿರದ ಅವಕಾಶಗಳಿವೆ. ಕತ್ತದ ಹಗ್ಗ ಹೊಸೆಯುವುದು, ಗಾಣದಲ್ಲಿ ಕೊಬ್ಬರಿ ಎಣ್ಣೆ ತೆಗೆಯುವುದು, ಬಲೆ ಹೆಣೆಯುವುದು, ದೋಣಿಯ ಮರಗೆಲಸ, ಭೌಗೋಳಿಕ ಗುರುತು ಪಡೆದ ಉಡುಪಿ ಸೀರೆಯ ಕೈಮಗ್ಗ ಇವೆಲ್ಲವೂ ನಡೆಯುತ್ತಿರುವಲ್ಲೇ ತೋರಿಸಬಹುದಾದ ಕೆಲಸಗಳು. ಕೊಳ್ಳುವವನು ಬೆಂಗಳೂರಿಗೋ ಮೈಸೂರಿಗೋ ರಾತ್ರಿ ಬಸ್ಸಿನಲ್ಲಿ ಮರಳುವವನಾದ್ದರಿಂದ ಐದು ಲೀಟರಿನ ಡಬ್ಬಕ್ಕಿಂತ ಸೋರದ ಅರ್ಧ ಲೀಟರಿನ ಬಾಟಲಿ, 250 ಗ್ರಾಮಿನ ಮಸಾಲೆ ಪುಡಿ, ವಾಸನೆ ಹೊರಬಾರದಂತೆ ಮುಚ್ಚಿದ ಒಣಮೀನಿನ ಪೊಟ್ಟಣಗಳು ಬೇಗ ಮಾರಾಟವಾಗುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆ, ತಯಾರಿಸಿದ ದಿನಾಂಕ, ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸಗಳನ್ನು ಮುದ್ರಿಸದ ಪೊಟ್ಟಣವು ಕಾನೂನಿಗೂ ವಿರುದ್ಧ, ನಗರದ ಗಿರಾಕಿಯ ನಂಬಿಕೆಗೂ ಪಾತ್ರವಲ್ಲ. ವಿಳಾಸ ಇದ್ದರೆ ಮನೆಗೆ ಹೋದವನು ಮತ್ತೆ ಅಂಚೆಯ ಮೂಲಕ ತರಿಸಿಕೊಳ್ಳಲೂಬಹುದು. ವ್ಯಾಪಾರಚಿಹ್ನೆಯ ನೋಂದಣಿಯನ್ನು ಹೆಸರು ಪ್ರಸಿದ್ಧವಾಗುವ ಮೊದಲೇ ಮಾಡಿಸಿಕೊಳ್ಳಬೇಕೆಂಬುದಕ್ಕೆ ಬೆನ್ ತ್ರೆಯ ಮಿಠಾಯಿ ಸಾಕ್ಷಿ.

ದೋಣಿ, ಊಟ, ಬಾರ್ಕೂರಿನ ರಿಕ್ಷಾ, ಕಲಾಕೇಂದ್ರದ ಭೇಟಿ ಇವುಗಳನ್ನು ಒಂದೇ ಚೀಟಿಯಲ್ಲಿ ಸೇರಿಸಿ ಮಾರಲು ಒಬ್ಬರ ಕೈ ಸಾಲದು. ದರವನ್ನು ಮೊದಲೇ ಗೊತ್ತುಪಡಿಸಿ, ಪ್ರತಿಯೊಬ್ಬರ ಪಾಲನ್ನು ವಾರಕ್ಕೊಮ್ಮೆ ಸಂದಾಯ ಮಾಡುವ ಒಂದು ಸಹಕಾರಿ ವ್ಯವಸ್ಥೆಯಿದ್ದರೆ ದರ ಇಳಿಸುವ ಪೈಪೋಟಿಯೂ ತಗ್ಗುತ್ತದೆ. ಸಹಕಾರಿ ಬ್ಯಾಂಕುಗಳ ಪರಂಪರೆ ಬಲವಾಗಿರುವ ಈ ಜಿಲ್ಲೆಯ ವರ್ತಕರಿಗೆ ಅಂಥ ಲೆಕ್ಕ ಇಡುವ ರೀತಿ ಹೊಸದಾಗಿ ಕಲಿಯಬೇಕಾದದ್ದೇನಲ್ಲ.

ಹೊಸ ಋತುವಿಗೆ ಸಿದ್ಧರಾಗುವವರಿಗೆ ಮಳೆಗಾಲವೇ ಕಾಗದಪತ್ರದ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ದೋಣಿಯನ್ನು ಮೇಲೆಳೆದು ತಳ ರಿಪೇರಿ ಮಾಡಿಸುವಾಗಲೇ ನೋಂದಣಿ, ತಪಾಸಣೆ, ವಿಮೆಗಳಿಗೆ ಬಂದರು ಇಲಾಖೆಯ ಮುಂದೆ ಅರ್ಜಿ ಹಾಕಬೇಕು. ಸೆಪ್ಟೆಂಬರಿನಲ್ಲಿ ನೆರೆ ಇಳಿದ ಬಳಿಕ ಸ್ಥಳೀಯ ಮೀನುಗಾರರೊಂದಿಗೆ ಹೊಳೆಯ ಆಳವನ್ನು ಮತ್ತೊಮ್ಮೆ ಅಳೆದು ದಾರಿ ಗುರುತಿಸಬೇಕು. ದಡದ ಅಂಗಡಿಗಳಿಗೆ ಬೇಕಾದ ಪೊಟ್ಟಣಗಳ ಮುದ್ರಣಕ್ಕೂ ಅಷ್ಟೇ ಸಮಯ ಹಿಡಿಯುವುದರಿಂದ, ದಸರಾ ರಜೆಯ ಮೊದಲ ತಂಡ ಧಕ್ಕೆಗೆ ಬರುವ ಮುನ್ನ ಎರಡೂ ಕೆಲಸಗಳು ಮುಗಿದಿರಬೇಕಾಗುತ್ತದೆ.